ಘಾಟಿ ರಸ್ತೆ, ಮುಂಗಾರು ಮಳೆ, ನೂರೆಂಬತ್ತರ ವೇಗ: ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗದಲ್ಲಿ ಕಾರು ಕಲಿಸಲು ಶುರು ಮಾಡಿ ಇಪ್ಪತ್ತು ವರ್ಷ ದಾಟಿತು. ಮೊದಲೆಲ್ಲ ಬಂದವರು ಕೇಳುತ್ತಿದ್ದುದು ಒಂದೇ ಪ್ರಶ್ನೆ: ಲೈಸೆನ್ಸ್ ಎಷ್ಟು ದಿನಕ್ಕೆ ಸಿಗುತ್ತದೆ? ಈಗ ಎರಡು ಬಗೆಯವರು ಬರುತ್ತಾರೆ. ಜರ್ಮನಿ, ಅಮೆರಿಕ, ದುಬೈಗಳಿಂದ ರಜೆಗೆ ಬಂದು ನಮ್ಮ ರಸ್ತೆಗೆ ಹೆದರುವವರು ಒಂದು ಕಡೆ, ಅಲ್ಲಿಗೆ ಹೊರಟು ಅಲ್ಲಿನ ರಸ್ತೆಗೆ ಹೆದರುವವರು ಇನ್ನೊಂದು ಕಡೆ. ಹೆದರದೆ ಬರುವ ಮೂರನೆಯ ಬಗೆಯವರೂ ಇದ್ದಾರೆ. ನನಗೆ ಚಿಂತೆ ಅವರದೇ.

ಜರ್ಮನಿಯಲ್ಲಿ ವೇಗಕ್ಕೆ ಮಿತಿಯೇ ಇಲ್ಲವಂತೆ. ನಿಜವೇ?

ಅರ್ಧ ನಿಜ. ಆಟೋಬಾನ್ ಎಂಬ ಅವರ ಹೆದ್ದಾರಿಯ ಹಲವು ಭಾಗಗಳಲ್ಲಿ ಕಾರಿಗೆ ಮಿತಿಯಿಲ್ಲ. ಆದರೆ ಗಂಟೆಗೆ 130 ಕಿ.ಮೀ. ಮೀರದಿರುವುದು ಒಳ್ಳೆಯದು ಎಂಬ ಅಧಿಕೃತ ಸಲಹೆ 1978ರಿಂದಲೂ ಇದೆ. ಅದನ್ನು ಮೀರಿ ಹೋಗುವಾಗ ಅಪಘಾತವಾದರೆ, ತಪ್ಪು ಎದುರಿನವನದೇ ಆದರೂ ಹೊಣೆಯಲ್ಲಿ ನಿಮಗೊಂದು ಪಾಲು ಬರಬಹುದು. ಊರೊಳಗೆ ಸಾಮಾನ್ಯವಾಗಿ 50, ಊರಾಚೆಯ ಮಾಮೂಲಿ ರಸ್ತೆಯಲ್ಲಿ 100. ಲಾರಿಗಳಿಗೆ ಆಟೋಬಾನಿನಲ್ಲೂ 80.

ನನ್ನ ಅಕ್ಕನ ಮಗ ಸ್ಟುಟ್‌ಗಾರ್ಟ್‌ನಲ್ಲಿದ್ದಾನೆ. ಅಲ್ಲಿ 180ರಲ್ಲಿ ಹೋದದ್ದನ್ನು ಊಟಕ್ಕೆ ಕೂತಾಗಲೆಲ್ಲ ಹೇಳುತ್ತಾನೆ. ಕಳೆದ ಶ್ರಾವಣದಲ್ಲಿ ಊರಿಗೆ ಬಂದವನ ಕೈಗೆ ಕಾರು ಕೊಟ್ಟು ತೀರ್ಥಹಳ್ಳಿಗೆ ಹೊರಟೆವು. ಗಾಜನೂರು ದಾಟುವಷ್ಟರಲ್ಲಿ 45ಕ್ಕೆ ಇಳಿದಿದ್ದ, ಅಂಗೈ ಬೆವರಿತ್ತು. "ಮಾವ, ಇಲ್ಲಿ ಯಾರು ಯಾವಾಗ ಏನು ಮಾಡುತ್ತಾರೆಂದೇ ಗೊತ್ತಾಗುವುದಿಲ್ಲ" ಎಂದ. ಆಟೋಬಾನಿನ ಗುಟ್ಟು ಅವನಿಗೆ ತಿಳಿಯದಂತೆ ಅವನ ಬಾಯಿಂದಲೇ ಬಂದಿತ್ತು. ಅಲ್ಲಿ ಪಾದಚಾರಿ ಇಲ್ಲ, ಸೈಕಲ್ ಇಲ್ಲ, 60 ಕಿ.ಮೀ. ವೇಗ ಮುಟ್ಟಲಾಗದ ಗಾಡಿಗೆ ಪ್ರವೇಶವೇ ಇಲ್ಲ. ನಿಂತು ತಿರುಗಿಸುವಂತಿಲ್ಲ. ಹಿಂದಿಕ್ಕುವುದು ಎಡದಿಂದ ಮಾತ್ರ, ಹಿಂದಿಕ್ಕಿದ ಮೇಲೆ ಮರಳಿ ಬಲಕ್ಕೆ. ಮುಂದಿನವನ ಮುಂದಿನ ನಡೆ ನಿಮಗೆ ಗೊತ್ತು, ನಿಮ್ಮದು ಅವನಿಗೆ ಗೊತ್ತು. 180 ಓಡುವುದು ಇಂಜಿನ್ ಬಲಕ್ಕಿಂತ ಹೆಚ್ಚಾಗಿ ಈ ಭರವಸೆಯ ಮೇಲೆ.

ನಮ್ಮ ಹೆದ್ದಾರಿಯೂ ಈಗ ಚೆನ್ನಾಗಿದೆ, ಕಾರೂ ಹೊಸದು. ನೂರರಲ್ಲಿ ಹೋದರೆ ತಪ್ಪೇನು?

ಮೊದಲು ಕಾನೂನು. ಕೇಂದ್ರದ 2018ರ ಅಧಿಸೂಚನೆಯಂತೆ ಕಾರಿಗೆ ಗರಿಷ್ಠ ಮಿತಿ ಎಕ್ಸ್‌ಪ್ರೆಸ್ ಹೆದ್ದಾರಿಯಲ್ಲಿ 120, ನಡುವೆ ಡಿವೈಡರ್ ಇರುವ ಚತುಷ್ಪಥದಲ್ಲಿ 100, ಉಳಿದ ರಸ್ತೆಗಳಲ್ಲಿ 70. ಇದು ಮೇಲಿನ ಮಿತಿ. ರಸ್ತೆ ಬದಿಯ ಫಲಕ ಇದಕ್ಕಿಂತ ಕಡಿಮೆ ಹೇಳಿದರೆ ಫಲಕದ ಮಾತೇ ಅಂತಿಮ. ಮಲೆನಾಡಿನ ಹೆಚ್ಚಿನ ರಸ್ತೆಗಳು ಈ ಕೊನೆಯ ಗುಂಪಿನವು.

ಇನ್ನು ಲೆಕ್ಕ. ಅಡ್ಡ ಬಂದದ್ದನ್ನು ಕಣ್ಣು ಕಂಡು ಕಾಲು ಬ್ರೇಕಿಗೆ ಹೋಗಲು ಒಂದು ಸೆಕೆಂಡ್ ಎಂದಿಟ್ಟುಕೊಳ್ಳಿ. 60ರಲ್ಲಿದ್ದರೆ ಆ ಒಂದು ಸೆಕೆಂಡಿನಲ್ಲೇ ಕಾರು 17 ಮೀಟರ್ ಸಾಗಿರುತ್ತದೆ. ಒಣ ಡಾಂಬರಿನ ಮೇಲೆ ಗಟ್ಟಿಯಾಗಿ ಬ್ರೇಕ್ ಒತ್ತಿದರೆ ಇನ್ನು 20 ಮೀಟರ್. ಒಟ್ಟು 37. ನೂರರಲ್ಲಿದ್ದರೆ 28 ಮತ್ತು 55, ಒಟ್ಟು 83. ವೇಗ ಎರಡು ಪಟ್ಟಾದರೆ ಬ್ರೇಕಿನ ದೂರ ನಾಲ್ಕು ಪಟ್ಟಾಗುತ್ತದೆ. ತರಗತಿಯಲ್ಲಿ ಇಷ್ಟು ಹೇಳಿದರೆ ಹುಡುಗರು ಆಕಳಿಸುತ್ತಾರೆ. ಆದ್ದರಿಂದ ಹೀಗೆ ಹೇಳುತ್ತೇನೆ: ಅರವತ್ತರ ಕಾರು ಪೂರ್ತಿ ನಿಂತ ಜಾಗವನ್ನು ನೂರರ ಕಾರು ದಾಟುವಾಗ ಅದರ ವೇಗ ಇನ್ನೂ 90ಕ್ಕಿಂತ ಹೆಚ್ಚಿರುತ್ತದೆ. ಆ ಜಾಗದಲ್ಲಿ ಒಂದು ಕರು ನಿಂತಿದೆ ಎಂದುಕೊಳ್ಳಿ. ಆಕಳಿಕೆ ಅಲ್ಲಿಗೆ ನಿಲ್ಲುತ್ತದೆ.

ಇದು ಒಣ ರಸ್ತೆಯ ಮಾತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮಗೆ ಒಣ ರಸ್ತೆ ಎಲ್ಲಿಂದ ಬರಬೇಕು? ಒದ್ದೆಯಲ್ಲಿ ಟಯರಿನ ಹಿಡಿತ ಅರ್ಧಕ್ಕಿಳಿದರೆ ಅರವತ್ತರ ಕಾರಿಗೆ 57 ಮೀಟರ್ ಬೇಕು, ನೂರರ ಕಾರಿಗೆ 138.

ಹಾಗಾದರೆ ಘಾಟಿಯಲ್ಲಿ ಎಷ್ಟು ವೇಗ ಸರಿ?

ಒಂದು ಸಂಖ್ಯೆ ಹೇಳಿ ಕೈ ತೊಳೆದುಕೊಳ್ಳಲು ನನಗೆ ಇಷ್ಟವಿಲ್ಲ. ಬದಲಿಗೆ ಒಂದು ನಿಯಮ ಹೇಳುತ್ತೇನೆ. ಕಣ್ಣಿಗೆ ಕಾಣುವ ರಸ್ತೆಯ ಅರ್ಧದೊಳಗೆ ನಿಲ್ಲಿಸಲು ಆಗುವಷ್ಟು ವೇಗ. ಅರ್ಧ ಏಕೆಂದರೆ ಇನ್ನರ್ಧ ಎದುರಿನಿಂದ ಬರುವವನದು.

ಇದು ನಮ್ಮ ಅಜ್ಜಂದಿರ ಬುದ್ಧಿಮಾತಿನಂತೆ ಕೇಳಿಸುತ್ತದೆ. ಆದರೆ ಇದು ಜರ್ಮನಿಯ ಸಂಚಾರ ಕಾನೂನಿನಲ್ಲಿ ಬರೆದಿರುವ ನಿಯಮ. ಮಿತಿಯಿಲ್ಲದ ಆಟೋಬಾನ್ ಇರುವ ದೇಶವೇ ಕಿರಿದಾದ ರಸ್ತೆಗೆ ಈ ಲೆಕ್ಕ ಹಾಕಿದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬುದನ್ನೇ ಅವರು ಕಾನೂನಿನ ಕಲಮಾಗಿಸಿದ್ದಾರೆ. ನನ್ನ ಸೋದರಳಿಯನಿಗೆ ಇದನ್ನು ನೆನಪಿಸಿದಾಗ, ಪರೀಕ್ಷೆಗೆ ಓದಿದ್ದೆ, ಮರೆತಿದ್ದೆ ಎಂದ.

ಆಗುಂಬೆ ಘಾಟಿಗೆ ಇದನ್ನು ಹೊಂದಿಸಿ ನೋಡಿ. ತೀರ್ಥಹಳ್ಳಿಯಿಂದ ಉಡುಪಿಯತ್ತ ಇಳಿಯುವ 169ಎ ಹೆದ್ದಾರಿಯಲ್ಲಿ ಹದಿನಾಲ್ಕು ಹೇರ್‌ಪಿನ್ ತಿರುವುಗಳಿವೆ. ಮಳೆಯಲ್ಲಿ ತಿರುವಿನ ಮುಂದೆ 20 ಮೀಟರ್ ಕಾಣುತ್ತಿದೆ ಎಂದರೆ ನಿಮ್ಮ ಪಾಲು 10. ಒದ್ದೆ ರಸ್ತೆಯಲ್ಲಿ ಹತ್ತು ಮೀಟರಿನೊಳಗೆ ನಿಲ್ಲಬೇಕಾದರೆ ವೇಗ 20 ಮೀರಬಾರದು. 40 ಮೀಟರ್ ಕಂಡರೆ 30. ಮಂಜು ಮುಸುಕಿ ಬಾನೆಟ್ಟಿನ ತುದಿಯಷ್ಟೇ ಕಂಡರೆ ಉತ್ತರ ಸೊನ್ನೆ, ಅಂದರೆ ಅಗಲವಿರುವಲ್ಲಿ ನಿಲ್ಲಿಸಿ ಕಾಯುವುದು.

ಘಾಟಿ ಇಳಿಯುವಾಗ ಪೆಟ್ರೋಲ್ ಉಳಿಸಲು ನ್ಯೂಟ್ರಲ್ ಮಾಡುತ್ತೇನೆ. ಪರವಾಗಿಲ್ಲವೇ?

ಮಾಡಬೇಡಿ. ಪೆಟ್ರೋಲೂ ಉಳಿಯುವುದಿಲ್ಲ. ಈಗಿನ ಇಂಜಿನ್‌ಗಳು ಗೇರಿನಲ್ಲಿದ್ದು ಕಾಲು ಎತ್ತಿದರೆ ಇಂಧನವನ್ನೇ ನಿಲ್ಲಿಸುತ್ತವೆ, ನ್ಯೂಟ್ರಲ್‌ನಲ್ಲಿ ಆದರೆ ಇಂಜಿನ್ ಆರದಿರಲು ಕುಡಿಯುತ್ತಲೇ ಇರುತ್ತವೆ. ಹತ್ತಲು ಯಾವ ಗೇರು ಬೇಕೋ ಇಳಿಯಲೂ ಅದೇ ಗೇರು ಎಂಬುದು ಲಾರಿ ಚಾಲಕರ ಹಳೆಯ ಲೆಕ್ಕ. ಬ್ರೇಕನ್ನು ಒತ್ತಿಕೊಂಡೇ ಇಳಿದರೆ ಅದು ಕಾದು ಸುಟ್ಟ ವಾಸನೆ ಬರುತ್ತದೆ, ಆಮೇಲೆ ಪೆಡಲ್ ಒತ್ತಿದರೂ ಕಾರು ಹಿಡಿಯುವುದಿಲ್ಲ. ಹುಲಿಕಲ್ ಘಾಟಿಯ ಬುಡದಲ್ಲಿ ಆ ವಾಸನೆ ಮೂಗಿಗೆ ಹೊಡೆಯುತ್ತದೆ. ಆಟೋಮ್ಯಾಟಿಕ್ ಕಾರಿನವರು 'ಡಿ'ಯಲ್ಲೇ ಬಿಡದೆ ಕೆಳಗಿನ ಗೇರು ಆರಿಸಿಕೊಳ್ಳಿ. ವಿದ್ಯುತ್ ಕಾರಿನವರಿಗೆ ಒಂದು ಕಿವಿಮಾತು: ಘಾಟಿಯ ತಲೆಯಲ್ಲಿ ಬ್ಯಾಟರಿ ಪೂರ್ತಿ ತುಂಬಿದ್ದರೆ ಮೋಟಾರಿನ ಹಿಡಿತ ಕಡಿಮೆಯಾಗುತ್ತದೆ, ಏಕೆಂದರೆ ಹುಟ್ಟುವ ವಿದ್ಯುತ್ತಿಗೆ ಜಾಗವಿಲ್ಲ. ತುಸು ಖಾಲಿ ಇಟ್ಟುಕೊಂಡೇ ಇಳಿಯಿರಿ.

ತಿರುವಿನಲ್ಲಿ ಎದುರುಬದುರಾದರೆ ಯಾರು ದಾರಿ ಬಿಡಬೇಕು? ಹಾರ್ನ್ ಹೊಡೆಯುವುದು ಒರಟುತನವಲ್ಲವೇ?

ಹತ್ತುವವನಿಗೆ ದಾರಿ, ಇಳಿಯುವವನು ಬದಿಗೆ ನಿಲ್ಲಬೇಕು. ಇದು ನಮ್ಮ ದೇಶದ ನಿಯಮ, ಸೌಜನ್ಯದ ಪ್ರಶ್ನೆಯಲ್ಲ. ಏರಿನಲ್ಲಿ ನಿಂತ ಲೋಡು ಲಾರಿಯನ್ನು ಮತ್ತೆ ಎಬ್ಬಿಸುವ ಕಷ್ಟ ನಿಲ್ಲಿಸಿದವನಿಗೇ ಗೊತ್ತು.

ಹಾರ್ನ್ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ವಿದೇಶದಿಂದ ಬಂದವರು ಹಾರ್ನ್ ಮುಟ್ಟುವುದನ್ನೇ ಪಾಪವೆಂದು ತಿಳಿಯುತ್ತಾರೆ. ಅಲ್ಲಿ ಹಾರ್ನ್ ಎಂದರೆ ಬೈಗುಳ. ನಮ್ಮಲ್ಲಿ ಅದು 'ನಾನಿದ್ದೇನೆ' ಎನ್ನುವ ಮಾತು. ನೆಹರೂ ರಸ್ತೆಯಲ್ಲಿ ಮುಂದಿನವನ ಬೆನ್ನಿಗೆ ಹೊಡೆಯುವ ಹಾರ್ನನ್ನು ನಾನೂ ಸಹಿಸುವುದಿಲ್ಲ. ಕುರುಡು ತಿರುವಿನಲ್ಲಿ ಮಾತ್ರ ಒಂದು ಸಲ ಉದ್ದಕ್ಕೆ ಹೊಡೆದು, ಕಿಟಕಿ ಇಳಿಸಿ ಉತ್ತರ ಬರುತ್ತದೆಯೇ ಕೇಳಿ. ಶಿಸ್ತಿಗೆ ಹೆಸರಾದ ಸ್ವಿಟ್ಜರ್ಲೆಂಡಿನಲ್ಲೂ ಬೆಟ್ಟದ ರಸ್ತೆಗಳಲ್ಲಿ ಹಳದಿ ಬಣ್ಣದ ಅಂಚೆ ಬಸ್ಸುಗಳು ಕುರುಡು ತಿರುವಿನಲ್ಲಿ ಮೂರು ಸ್ವರದ ಹಾರ್ನ್ ಊದುತ್ತವೆ. ಅಲ್ಲಿನ ಕೆಲವು ರಸ್ತೆಗಳಲ್ಲಿ ಆ ಬಸ್ಸಿನ ಚಾಲಕ ಹಿಂದೆ ಸರಿ ಎಂದರೆ ಕಾರಿನವನು ಸರಿಯಲೇಬೇಕು. ನಮ್ಮ ಕಡೆಯ ಖಾಸಗಿ ಬಸ್ಸಿನವರು ಈ ಅಧಿಕಾರವನ್ನು ಕಾನೂನಿಲ್ಲದೆಯೇ ಪಡೆದುಕೊಂಡಿದ್ದಾರೆ.

ಎದುರಿನವನು ಲೈಟ್ ಹೊಡೆದರೆ ಏನರ್ಥ?

ದೇಶದಿಂದ ದೇಶಕ್ಕೆ ತಲೆಕೆಳಗಾಗುವ ಸಂಜ್ಞೆ ಇದು. ಇಂಗ್ಲೆಂಡಿನಲ್ಲಿ ಯಾರಾದರೂ ಲೈಟ್ ಮಿಣುಕಿಸಿದರೆ 'ನೀವು ಮೊದಲು ಹೋಗಿ' ಎಂದು ಜನ ತಿಳಿಯುತ್ತಾರೆ. ಅಲ್ಲಿನ ನಿಯಮ ಪುಸ್ತಕ ಮಾತ್ರ, ನಾನಿದ್ದೇನೆ ಎಂದು ತಿಳಿಸಲಷ್ಟೇ ಇದನ್ನು ಬಳಸಿ ಎನ್ನುತ್ತದೆ. ನಮ್ಮಲ್ಲಿ ಕಿರುಸೇತುವೆಯ ಆಚೆಯಿಂದ ಲೈಟ್ ಬಂದರೆ 'ನಾನು ನುಗ್ಗುತ್ತಿದ್ದೇನೆ, ನೀನು ನಿಲ್ಲು' ಎಂದರ್ಥ. ಲಂಡನ್‌ನಿಂದ ಬಂದವರು ಇದನ್ನು ಆಹ್ವಾನವೆಂದು ತಿಳಿದು ಮುಂದೆ ಹೋದರೆ ಸೇತುವೆಯ ನಡುವೆ ಮುಖಾಮುಖಿ.

ಲಾರಿಯ ಬಲಗಡೆಯ ಇಂಡಿಕೇಟರ್ ಇನ್ನೊಂದು ಒಗಟು. 'ಮುಂದೆ ಖಾಲಿ ಇದೆ, ಹಿಂದಿಕ್ಕು' ಎಂದೂ ಆಗಬಹುದು, 'ನಾನೇ ಬಲಕ್ಕೆ ತಿರುಗುತ್ತಿದ್ದೇನೆ' ಎಂದೂ ಆಗಬಹುದು. ಬಲಕ್ಕೆ ಅಡ್ಡದಾರಿ ಇದೆಯೇ ನೋಡಿ, ಕ್ಲೀನರನ ಕೈ ಹೊರಗೆ ಬಂದಿದೆಯೇ ನೋಡಿ. ಎರಡೂ ಸ್ಪಷ್ಟವಾಗದಿದ್ದರೆ ಹಿಂದೆಯೇ ಇರಿ.

ಮಂಜಿನಲ್ಲಿ ನಾಲ್ಕೂ ಇಂಡಿಕೇಟರ್ ಹಾಕಿಕೊಂಡು ಹೋಗುವುದು ಒಳ್ಳೆಯದಲ್ಲವೇ?

ಅಲ್ಲ. ಅದು ನಿಂತ ಗಾಡಿಯ ಗುರುತು. ಓಡುತ್ತಿರುವಾಗ ಹಾಕಿದರೆ ನೀವು ತಿರುಗುವುದು ಹಿಂದಿನವನಿಗೆ ತಿಳಿಯುವುದಿಲ್ಲ. ಡಿಮ್ ಲೈಟ್ ಹಾಕಿ. ಹೈಬೀಮ್ ಹಾಕಿದರೆ ಬೆಳಕು ಮಂಜಿಗೆ ಬಡಿದು ನಿಮ್ಮ ಕಣ್ಣಿಗೇ ಮರಳುತ್ತದೆ. ಹಿಂಬದಿಯ ಮಂಜುದೀಪ ನಿಮ್ಮ ಕಾರಿನಲ್ಲಿದ್ದರೆ ದಟ್ಟ ಮಂಜಿನಲ್ಲಿ ಮಾತ್ರ ಹಚ್ಚಿ. ಜರ್ಮನಿಯಲ್ಲಿ ನೋಟ 50 ಮೀಟರಿಗಿಂತ ಕಡಿಮೆಯಾದಾಗಷ್ಟೇ ಅದಕ್ಕೆ ಅನುಮತಿ, ಆಗ ವೇಗವೂ 50 ಮೀರುವಂತಿಲ್ಲ. ಆಟೋಬಾನಿನಲ್ಲಿ ಕೂಡ.

ಮಲೆನಾಡಿನ ರಸ್ತೆಯಲ್ಲಿ ಹೊರಗಿನವರಿಗೆ ಗೊತ್ತಾಗದ ಅಪಾಯಗಳು ಯಾವುವು?

ಗುಂಡಿ ಎಂದು ಎಲ್ಲರೂ ಹೇಳುತ್ತಾರೆ. ಗುಂಡಿ ಕಣ್ಣಿಗಾದರೂ ಕಾಣುತ್ತದೆ. ನನ್ನ ಭಯ ಬೇರೆಯದು. ಅಡಿಕೆ ಕೊಯ್ಲಿನ ಕಾಲದಲ್ಲಿ ಸುಲಿದ ಸಿಪ್ಪೆಯನ್ನು ರಸ್ತೆ ಬದಿಗೆ ಸುರಿಯುತ್ತಾರೆ. ಅದು ಕೊಳೆತು ರಸ್ತೆಗೆ ಹರಡಿದರೆ ಸೋಪಿಗಿಂತ ಜಾರು. ಒಣಗಿದ ಮೇಲೆ ಬೆಂಕಿ ಕೊಟ್ಟರೆ ದಿನಗಟ್ಟಲೆ ಹೊಗೆಯಾಡುತ್ತದೆ, ಸಂಜೆಯ ತಂಪಿಗೆ ಆ ಹೊಗೆ ರಸ್ತೆಯ ಮೇಲೆಯೇ ಮಲಗುತ್ತದೆ. ಬೈಕ್ ಓಡಿಸುತ್ತಿದ್ದ ಕಾಲದಲ್ಲಿ ಇದೇ ಸಿಪ್ಪೆಯ ಮೇಲೆ ಜಾರಿ ನನ್ನ ಮೊಣಕೈ ಮುರಿದಿತ್ತು. ಸುರಿದವರು ನಮ್ಮ ನೆಂಟರೇ ಎಂದು ಆಮೇಲೆ ತಿಳಿಯಿತು. ಏನೂ ಹೇಳಲಾಗಲಿಲ್ಲ.

ಮೊದಲ ಮಳೆ ಇನ್ನೊಂದು. ಬೇಸಿಗೆಯಿಡೀ ಕೂತ ಎಣ್ಣೆ, ದೂಳು ಮೊದಲ ಹನಿಗೆ ಮೇಲೆದ್ದು ರಸ್ತೆಯನ್ನು ಜಿಡ್ಡಾಗಿಸುತ್ತದೆ. ತೋಟದ ದಾರಿಯಿಂದ ಟ್ರ್ಯಾಕ್ಟರ್ ಎಳೆದು ತಂದ ಕೆಮ್ಮಣ್ಣು, ಮರದಡಿಯ ಪಾಚಿ, ಉದುರಿದ ಎಲೆ ಕೂಡ ಹಾಗೆಯೇ. ಟಯರಿನ ಗೀರುಗಳ ಆಳ ಕಾನೂನಿನ ಪ್ರಕಾರ ಕನಿಷ್ಠ 1.6 ಮಿ.ಮೀ. ಇರಬೇಕು. ನಮ್ಮ ಮಳೆಗೆ ಅಷ್ಟು ಸಾಲದು, ಮೂರಕ್ಕೆ ಇಳಿದಾಗಲೇ ಬದಲಿಸಿ ಎನ್ನುತ್ತೇನೆ.

ರಾತ್ರಿ ದನ ಬೆಚ್ಚಗಿರುವ ಡಾಂಬರಿನ ಮೇಲೆ ಮಲಗುತ್ತವೆ. ಕಾಡಿನಂಚಿನಲ್ಲಿ ಕಾಟಿ. ಟನ್ ತೂಗುವ ಈ ಕಾಡುಕೋಣದ ಮೈ ಕಪ್ಪು, ಬೆಳಕಿಗೆ ಕಾಣುವುದು ಬಿಳಿ ಕಾಲುಚೀಲ ಮಾತ್ರ. ಒಂದು ದಾಟಿತೆಂದು ಮುಂದೆ ಹೋಗಬೇಡಿ, ಹಿಂದೆ ಹಿಂಡು ಇರುತ್ತದೆ.

ಈಗ ಹೊಸದೊಂದು ಸೇರಿದೆ. 2025ರ ಜುಲೈನಲ್ಲಿ ಶರಾವತಿ ಹಿನ್ನೀರಿನ ಮೇಲೆ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆಯಿತು. ಎರಡೂವರೆ ಕಿ.ಮೀ. ಹತ್ತಿರದ ನೇರ ಹಾದಿ. ಲಾಂಚಿಗಾಗಿ ತಾಸುಗಟ್ಟಲೆ ಕಾದ ಸಿಗಂದೂರಿನ ದಾರಿಯಲ್ಲಿ ಈಗ ಒಬ್ಬನಿಗೆ ವೇಗದ ಹುಚ್ಚು, ಇನ್ನೊಬ್ಬನಿಗೆ ನಡು ಸೇತುವೆಯಲ್ಲಿ ನಿಂತು ಸೆಲ್ಫಿ ತೆಗೆಯುವ ಹುಚ್ಚು. ಎರಡೂ ಒಂದೇ ಜಾಗದಲ್ಲಿ ಕೂಡುವುದು ಬೇಡ.

ವೇಗವಾಗಿ ಹೋದರೆ ಸಮಯ ಉಳಿಯುವುದಂತೂ ನಿಜ ತಾನೇ?

ಶಿವಮೊಗ್ಗದಿಂದ ಸಾಗರಕ್ಕೆ ಹತ್ತಿರ ಹತ್ತಿರ 70 ಕಿ.ಮೀ. ಸರಾಸರಿ 50ರಲ್ಲಿ ಹೋದರೆ 84 ನಿಮಿಷ, 60ರಲ್ಲಿ 70 ನಿಮಿಷ. ಉಳಿದದ್ದು ಹದಿನಾಲ್ಕು ನಿಮಿಷ. ಆದರೆ ಆಯನೂರು, ಕುಂಸಿ, ಆನಂದಪುರಗಳ ಪೇಟೆ ಮತ್ತು ಹಂಪುಗಳ ನಡುವೆ ಸರಾಸರಿಯನ್ನು ಹತ್ತು ಏರಿಸಲು ಖಾಲಿ ರಸ್ತೆ ಸಿಕ್ಕಲ್ಲೆಲ್ಲ 90 ಮುಟ್ಟಬೇಕಾಗುತ್ತದೆ. ಕುಂಸಿಯ ಆಚೆ ನನ್ನನ್ನು ರೊಯ್ಯನೆ ಹಿಂದಿಕ್ಕಿದವರನ್ನು ಆನಂದಪುರದ ಚಹಾದಂಗಡಿಯ ಎದುರು ಎಷ್ಟು ಸಲ ಭೇಟಿಯಾಗಿದ್ದೇನೋ.

ಒಂದೇ ಒಂದು ಬಿಯರ್ ಕುಡಿದರೆ?

ನಮ್ಮ ಮಿತಿ 100 ಮಿ.ಲೀ. ರಕ್ತಕ್ಕೆ 30 ಮಿ.ಗ್ರಾಂ. ಮದ್ಯಸಾರ. ಜರ್ಮನಿಯಲ್ಲಿ 50, ಇಂಗ್ಲೆಂಡಿನಲ್ಲಿ 80. ವಿದೇಶದವರೇ ಕಟ್ಟುನಿಟ್ಟು ಎಂದು ನಂಬಿದವರಿಗೆ ಇದು ಅಚ್ಚರಿ. 'ಅಲ್ಲಿ ಒಂದು ಕುಡಿದು ಓಡಿಸುತ್ತಿದ್ದೆ' ಎಂಬ ಮಾತು ಇಲ್ಲಿ ನಡೆಯುವುದಿಲ್ಲ. ಕುಡಿದಿದ್ದರೆ ಕೀಲಿಕೈ ಬೇರೆಯವರಿಗೆ ಕೊಡಿ.

ಬಲಗಡೆ ಓಡಿಸುವ ದೇಶಕ್ಕೆ ಹೋಗುತ್ತಿದ್ದೇನೆ. ತಲೆ ಕೆಡದಂತೆ ಏನು ಮಾಡಲಿ?

ಮೊದಲೆರಡು ದಿನ ಇಂಡಿಕೇಟರ್ ಬದಲು ವೈಪರ್ ಹಾಕುತ್ತೀರಿ, ನಕ್ಕು ಬಿಡಿ. ನಿಜವಾದ ಅಪಾಯ ದಟ್ಟಣೆಯಲ್ಲಿಲ್ಲ, ಅಲ್ಲಿ ಮುಂದಿನವನನ್ನು ಹಿಂಬಾಲಿಸಿದರಾಯಿತು. ಬೆಳಗಿನ ಜಾವ ಖಾಲಿ ರಸ್ತೆಗೆ ಪೆಟ್ರೋಲ್ ಬಂಕಿನಿಂದ ಹೊರಬರುವಾಗ ಕೈ ತಾನಾಗಿ ಎಡಕ್ಕೆ ಎಳೆಯುತ್ತದೆ. ಒಂದೇ ಗುರುತು ಇಟ್ಟುಕೊಳ್ಳಿ: ಯಾವ ದೇಶವಾದರೂ ಚಾಲಕನ ಭುಜ ರಸ್ತೆಯ ನಡುಗೆರೆಯ ಕಡೆಗಿರಬೇಕು. ಸ್ವೀಡನ್ 1967ರ ಸೆಪ್ಟೆಂಬರ್ 3ರಂದು ಇಡೀ ದೇಶವನ್ನೇ ಎಡದಿಂದ ಬಲಕ್ಕೆ ಬದಲಿಸಿತು. ಒಂದು ದೇಶಕ್ಕೆ ಆದದ್ದು ನಿಮಗೂ ಆಗುತ್ತದೆ.

ಅಮೆರಿಕಕ್ಕೆ ಹೋಗುವವರು ಶಾಲಾ ಬಸ್ಸಿನ ಬಗ್ಗೆ ಎಚ್ಚರವಿರಲಿ. ಕೆಂಪು ದೀಪ ಮಿನುಗಿಸುತ್ತ ಬಸ್ ನಿಂತರೆ ಹಿಂದಿನವರಷ್ಟೇ ಅಲ್ಲ, ಡಿವೈಡರ್ ಇಲ್ಲದ ರಸ್ತೆಯಲ್ಲಿ ಎದುರಿನಿಂದ ಬರುವವರೂ ನಿಲ್ಲಬೇಕು. ನಾಲ್ಕೂ ಕಡೆ ನಿಲ್ಲು ಫಲಕವಿರುವ ವೃತ್ತದಲ್ಲಿ ಮೊದಲು ಬಂದವನಿಗೆ ಮೊದಲ ದಾರಿ. ನಮ್ಮ ಗೋಪಿ ವೃತ್ತದಲ್ಲಿ ಇದನ್ನು ಜಾರಿಗೆ ತಂದರೆ ಸಂಜೆವರೆಗೆ 'ಮೊದಲು ನಾನೇ ಬಂದದ್ದು' ಎಂಬ ಜಗಳವೇ ಆದೀತು.

ನಮ್ಮ ಲೈಸೆನ್ಸ್ ಅಲ್ಲಿ ನಡೆಯುತ್ತದೆಯೇ?

ಸ್ವಲ್ಪ ಕಾಲ. ಆರ್‌ಟಿಒ ಕಚೇರಿಯಲ್ಲಿ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಪಡೆಯಬಹುದು, ಅವಧಿ ಒಂದು ವರ್ಷ. ಜರ್ಮನಿಯಲ್ಲಿ ನೆಲೆಸಿದರೆ ಆರು ತಿಂಗಳು, ಬ್ರಿಟನ್ನಿನಲ್ಲಿ ಹನ್ನೆರಡು ತಿಂಗಳು ನಮ್ಮ ಲೈಸೆನ್ಸ್ ನಡೆಯುತ್ತದೆ. ಆಮೇಲೆ ಅಲ್ಲಿನದೇ ಬೇಕು.

ಜರ್ಮನಿಯದು ಸುಲಭವಲ್ಲ. ಮೊದಲ ಸಲ ಲೈಸೆನ್ಸ್ ಪಡೆಯುವವರು ಮಾಮೂಲಿ ಪಾಠಗಳ ಜೊತೆಗೆ ಹನ್ನೆರಡು ವಿಶೇಷ ಪಾಠ ಮುಗಿಸಬೇಕು: ಊರಾಚೆಯ ರಸ್ತೆಯಲ್ಲಿ ಐದು, ಆಟೋಬಾನಿನಲ್ಲಿ ನಾಲ್ಕು, ಕತ್ತಲಲ್ಲಿ ಮೂರು. ಪ್ರಥಮ ಚಿಕಿತ್ಸೆಯ ತರಬೇತಿಯೂ ಕಡ್ಡಾಯ. ನಮ್ಮಲ್ಲಿ ಎಂಟು ಹಾಕಿ ತೋರಿಸಿದವನು ಅದೇ ರಾತ್ರಿ ಆಗುಂಬೆ ಇಳಿಯಬಹುದು. ಕತ್ತಲು, ಮಳೆ, ಘಾಟಿ ಯಾವುದನ್ನೂ ಅವನಿಗೆ ಯಾರೂ ಕಲಿಸಿರುವುದಿಲ್ಲ. ಈ ಮಾತು ನನ್ನ ವೃತ್ತಿಯವರಿಗೂ ಅನ್ವಯಿಸುತ್ತದೆ. ನಾನು ರಾತ್ರಿ ಪಾಠ ಶುರು ಮಾಡಿದ್ದು ಕೇವಲ ಆರು ವರ್ಷದ ಹಿಂದೆ.

ದಂಡ ಹೆಚ್ಚಿಸಿದರೆ ಎಲ್ಲ ಸರಿಹೋಗುವುದಿಲ್ಲವೇ?

ಫಿನ್ಲೆಂಡಿನಲ್ಲಿ ಅತಿವೇಗಕ್ಕೆ ಆದಾಯ ನೋಡಿ ದಂಡ ಹಾಕುತ್ತಾರೆ. ಕೋಟ್ಯಧೀಶನಿಗೆ ಲಕ್ಷಗಟ್ಟಲೆ ಬೀಳುತ್ತದೆ. ನನಗೆ ಈ ಪದ್ಧತಿ ಇಷ್ಟ. ನಮ್ಮಲ್ಲಿ ಭಾರಿ ಎನ್ನಬಹುದಾದದ್ದು 2019ರ ತಿದ್ದುಪಡಿಯಲ್ಲಿ ಬಂದ ಒಂದು ಕಲಮು: ಅಪ್ರಾಪ್ತರು ಗಾಡಿ ಓಡಿಸಿ ತಪ್ಪೆಸಗಿದರೆ ಪೋಷಕರಿಗೆ ಅಥವಾ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಹೈಸ್ಕೂಲ್ ಮಗನಿಗೆ ಬೈಕ್ ಕೊಟ್ಟು ಹಾಲಿನ ಡೇರಿಗೆ ಕಳಿಸುವವರು ಇದನ್ನು ಎರಡು ಸಲ ಓದಿ.

ಆದರೆ ದಂಡವೊಂದೇ ಸಾಲದು. 2022ರಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಜನ ಸತ್ತರು. ನೂರರಲ್ಲಿ ಸುಮಾರು 71 ಸಾವುಗಳಿಗೆ ಅತಿವೇಗ ಕಾರಣವೆಂದು ಸರ್ಕಾರಿ ವರದಿಯೇ ಹೇಳುತ್ತದೆ. ಅದೇ ವರ್ಷ ಜರ್ಮನಿಯಲ್ಲಿ ಸತ್ತವರು ಸುಮಾರು 2,800. ನಮ್ಮ ಜನಸಂಖ್ಯೆ ಅವರ ಹದಿನೇಳು ಪಟ್ಟು ಎಂದು ಗುಣಿಸಿದರೂ ಅಂತರ ಉಳಿಯುತ್ತದೆ. ಅವರು ಹುಟ್ಟಾ ಶಿಸ್ತಿನವರು, ನಾವು ಅಶಿಸ್ತಿನವರು ಎಂಬ ವಿವರಣೆಯನ್ನು ನಾನು ಒಪ್ಪುವುದಿಲ್ಲ. ನಮ್ಮ ಹುಡುಗರೇ ಅಲ್ಲಿಗೆ ಹೋದ ವಾರದಲ್ಲಿ ಗೆರೆ ಬಿಟ್ಟು ಕದಲುವುದಿಲ್ಲ. ಸ್ವೀಡನ್ 1997ರಲ್ಲಿ ಒಂದು ನೀತಿ ತಂದಿತು. ಮನುಷ್ಯ ತಪ್ಪು ಮಾಡಿಯೇ ಮಾಡುತ್ತಾನೆ, ಆ ತಪ್ಪಿಗೆ ಅವನು ಸಾಯದಂತೆ ರಸ್ತೆ ಕಟ್ಟಬೇಕು ಎಂಬುದು ಅದರ ತಿರುಳು. ಎದುರುಬದುರು ಡಿಕ್ಕಿಯಾಗುವ ರಸ್ತೆಗಳ ನಡುವೆ ಉಕ್ಕಿನ ಹಗ್ಗದ ಬೇಲಿ ಹಾಕಿದರು, ವೃತ್ತಗಳನ್ನು ಹೆಚ್ಚಿಸಿದರು. ನಮ್ಮ ಘಾಟಿಯಲ್ಲಿ ಮುರಿದ ತಡೆಗೋಡೆಗೆ ಕೆಂಪು ರಿಬ್ಬನ್ ಕಟ್ಟಿ ಎರಡು ಮಳೆಗಾಲ ಕಳೆಯುವುದನ್ನು ನೋಡಿದವರಿಗೆ ವ್ಯತ್ಯಾಸ ಬಿಡಿಸಿ ಹೇಳಬೇಕಾಗಿಲ್ಲ.

ಅಪಘಾತ ಕಂಡರೆ ನಿಲ್ಲಿಸಬೇಕೇ? ಪೊಲೀಸ್, ಕೋರ್ಟು ಎಂದು ಅಲೆದಾಡಬೇಕಾಗುತ್ತದಲ್ಲ?

ನಿಲ್ಲಿಸಿ. ಗಾಯಾಳುವಿಗೆ ನೆರವಾದವರ ಮೇಲೆ ಪ್ರಕರಣ ಹಾಕುವಂತಿಲ್ಲ, ಹೆಸರು ಹೇಳೆಂದು ಒತ್ತಾಯಿಸುವಂತಿಲ್ಲ. ಮೋಟಾರು ವಾಹನ ಕಾಯ್ದೆಯ 134ಎ ಕಲಮು ಇದನ್ನೇ ಹೇಳುತ್ತದೆ. ಜರ್ಮನಿಯಲ್ಲಿ ನೆರವಾಗದೆ ಮುಂದೆ ಹೋಗುವುದೇ ಅಪರಾಧ. ಆಂಬುಲೆನ್ಸಿಗೆ 108, ಯಾವುದೇ ತುರ್ತಿಗೆ 112. ಈ 112 ಯುರೋಪಿನಲ್ಲೂ ಅದೇ ಸಂಖ್ಯೆ, ಎರಡು ಕಡೆಗೂ ಒಂದನ್ನೇ ನೆನಪಿಟ್ಟರೆ ಸಾಕು. ಘಾಟಿಯಲ್ಲಿ ನೆಟ್‌ವರ್ಕ್ ಸಿಗದಿದ್ದರೆ ಮುಂದೆ ಹೋಗುವ ಬಸ್ಸಿನ ಕಂಡಕ್ಟರಿಗೆ ಹೇಳಿ ಕಳಿಸಿ. ಗಾಯಾಳುವಿನ ಹತ್ತಿರ ಓಡುವ ಮೊದಲು ತಿರುವಿನ ಆಚೀಚೆ ಒಬ್ಬೊಬ್ಬರನ್ನು ನಿಲ್ಲಿಸಿ ಬರುವ ಗಾಡಿಗಳನ್ನು ತಡೆಯಿರಿ. ಮರದ ಕೊಂಬೆ ಮುರಿದು ರಸ್ತೆಗೆ ಹಾಕುವ ನಮ್ಮ ಹಳೆಯ ಪದ್ಧತಿಯೂ ಒಳ್ಳೆಯದೇ, ಕೆಲಸ ಮುಗಿದ ಮೇಲೆ ತೆಗೆಯಲು ಮರೆಯದಿದ್ದರೆ.

ಹಿಂದಿನ ಸೀಟಿನವರಿಗೂ ಬೆಲ್ಟ್ ಬೇಕೇ?

ಬೇಕು. ಮದುವೆಗೆ ಹೊರಟ ಅಜ್ಜಿಗೂ ಬೇಕು. ತೊಡೆಯ ಮೇಲಿನ ಮಗುವನ್ನು ಡಿಕ್ಕಿಯ ಹೊತ್ತಿನಲ್ಲಿ ಯಾವ ತಾಯಿಯ ಕೈಯೂ ಹಿಡಿದಿಡಲಾರದು.

ನಾನು ನಿಧಾನವಾಗಿ ಹೋಗುತ್ತೇನೆ. ಹಿಂದಿನವನು ಅಂಟಿಕೊಂಡು ಹಾರ್ನ್ ಹೊಡೆಯುತ್ತಲೇ ಇರುತ್ತಾನೆ. ಏನು ಮಾಡಲಿ?

ಹಟಕ್ಕೆ ಬೀಳಬೇಡಿ, ವೇಗವನ್ನೂ ಹೆಚ್ಚಿಸಬೇಡಿ. ಅಗಲವಿರುವ ಜಾಗ ಬಂದ ಕೂಡಲೇ ಎಡ ಇಂಡಿಕೇಟರ್ ಹಾಕಿ, ಬದಿಗೆ ಸರಿದು, ಅವನನ್ನು ಕಳಿಸಿಬಿಡಿ. ತೀರ್ಥಹಳ್ಳಿ ರಸ್ತೆಯಲ್ಲಾದರೆ ಮಂಡಗದ್ದೆಯಲ್ಲಿ ನಿಲ್ಲಿಸಬಹುದು. ಮಳೆಗಾಲದಲ್ಲಿ ತುಂಗೆಯ ನಡುಗಡ್ಡೆಯ ಮರಗಳ ಮೇಲೆ ಬೆಳ್ಳಕ್ಕಿಗಳು ಗೂಡು ಕಟ್ಟಿರುತ್ತವೆ, ರಸ್ತೆಯಿಂದಲೇ ಕಾಣುತ್ತವೆ.